ಹೊರದೇಶದಲ್ಲಿ ಇರುವವರೇ, ನೀವು ಭಾರತೀಯರು ಅಂತ ಗೊತ್ತಾದಾಗ ಅಲ್ಲಿಯ ಜನ ಹೇಗೆ ನೋಡುತ್ತಾರೆ?

ನಾನು ಏಳು ವರ್ಷದಿಂದ ಜರ್ಮನಿಯ ಸ್ಟುಟ್‌ಗಾರ್ಟ್‌ನಲ್ಲಿ ಇದ್ದೇನೆ. ಹಾಗಾಗಿ ಇಲ್ಲಿಯದು ಮಾತ್ರ ಹೇಳಬಲ್ಲೆ, ಅಮೆರಿಕ, ದುಬೈ ಕಡೆಯವರ ಕಥೆ ಬೇರೆ ಇರುತ್ತದೆ.

ನಾವು ಬಾಯಿ ಬಿಡುವ ಮುಂಚೆಯೇ ಎದುರಿನವರು ನಮಗೊಂದು ದೇಶ ಅಂಟಿಸಿ ಆಗಿರುತ್ತದೆ. ಅವರು ಹಿಂದೆ ಯಾರನ್ನು ನೋಡಿದ್ದಾರೋ ಅದರ ಮೇಲೆ. ನಾನು ತೊಗರಿಬೇಳೆ, ಹುಣಸೆಹಣ್ಣು ತರುವ ಅಂಗಡಿ ಶ್ರೀಲಂಕಾ ತಮಿಳರದ್ದು. 1983ರ ಗಲಭೆ ಆದಮೇಲೆ ಊರು ಬಿಟ್ಟು ಜರ್ಮನಿಗೆ ಬಂದ ತಮಿಳರು ತುಂಬಾ ಜನ. ನನ್ನ ಕಪ್ಪು ಮುಖ ನೋಡಿ ಅಂಗಡಿಯವರು ಮೊದಲ ದಿನವೇ ಜಾಫ್ನಾ ಕಡೆಯವರಾ ಅಂತ ತಮಿಳಿನಲ್ಲಿ ಕೇಳಿದರು. ಬೆಂಗಳೂರಿನವನು ಅಲ್ವಾ, ನಾನೂ ತಮಿಳಿನಲ್ಲೇ ಉತ್ತರ ಕೊಟ್ಟುಬಿಟ್ಟೆ. ಕನ್ನಡದವನು ಅಂತ ನಂಬಿಸೋದಕ್ಕೆ ಆಮೇಲೆ ಎರಡು ತಿಂಗಳು ಬೇಕಾಯಿತು. ಅದೇ ಬೀದಿಯಲ್ಲಿ ಕಟಿಂಗ್ ಮಾಡುವ ಟರ್ಕಿಯವನಿಗೆ ನಾನು ಶಾರುಖ್ ಖಾನ್ ಊರಿನವನು. 2004ರಿಂದ ಇಲ್ಲಿಯ ಟಿವಿಯಲ್ಲಿ ಹಿಂದಿ ಸಿನಿಮಾ ಜರ್ಮನ್‌ಗೆ ಡಬ್ ಆಗಿ ಬರುತ್ತಿತ್ತು, ಅವನ ಅಮ್ಮ ಒಂದನ್ನೂ ಬಿಟ್ಟಿಲ್ಲವಂತೆ. ನನ್ನ ಹಿಂದಿ ಅಷ್ಟಕ್ಕಷ್ಟೇ ಅಂದರೆ ತಮಾಷೆ ಮಾಡ್ತಿದ್ದೀಯ ಅನ್ನುತ್ತಾನೆ.

ನನ್ನ ಹೆಂಡತಿಯನ್ನು ಬಸ್ಸಿನಲ್ಲಿ ಅಜ್ಜಿಯರು ಕೇಳೋದು, 'ನರ್ಸಾ?' ಅಂತ. ಸುಮ್ನೆ ಕೇಳೋದಲ್ಲ. 1960ರ ದಶಕದಿಂದಲೇ ಕೇರಳದ ಹೆಣ್ಣುಮಕ್ಕಳು ಇಲ್ಲಿಯ ಆಸ್ಪತ್ರೆಗಳಿಗೆ ನರ್ಸ್ ಆಗಿ ಬಂದಿದ್ದಾರೆ. ಒಬ್ಬ ಅಜ್ಜಿ ತನ್ನ ಗಂಡನನ್ನು ಕೊನೆಗಾಲದಲ್ಲಿ ನೋಡಿಕೊಂಡ ಮಲಯಾಳಿ ನರ್ಸನ್ನು ನೆನೆಸಿಕೊಂಡು, ಇವಳ ಕೈ ಹಿಡಿದುಕೊಂಡೇ ಎರಡು ಸ್ಟಾಪ್ ಬಂದರಂತೆ. ಇವಳು ಸಾಫ್ಟ್‌ವೇರ್ ಟೆಸ್ಟರ್. ಹೇಳೋದಕ್ಕೆ ಮನಸ್ಸು ಬರಲಿಲ್ಲವಂತೆ.

ಗಂಡಸರಾದರೆ ಐಟಿ, ಅದರಲ್ಲಿ ಅನುಮಾನವೇ ಇಲ್ಲ. 2000ದಲ್ಲಿ ಇಲ್ಲಿ ಚಾನ್ಸಲರ್ ಆಗಿದ್ದ ಶ್ರೋಡರ್ ಅವರ ಸರ್ಕಾರ 20,000 ಕಂಪ್ಯೂಟರ್ ಕೆಲಸಗಾರರವರೆಗೆ ಹೊರಗಿನಿಂದ ಕರೆಸಿಕೊಳ್ಳಲು ಗ್ರೀನ್ ಕಾರ್ಡ್ ತಂದಿತ್ತು. ಆಗ ಚುನಾವಣೆಯಲ್ಲಿ ಹುಟ್ಟಿದ ಘೋಷಣೆ 'ಕಿಂಡರ್ ಷ್ಟಾಟ್ ಇಂಡರ್'. ಇಂಡರ್ ಅಂದರೆ ಭಾರತೀಯ, ಕಿಂಡರ್ ಅಂದರೆ ಮಕ್ಕಳು. ಭಾರತೀಯರು ಬೇಡ, ನಮ್ಮ ಮಕ್ಕಳಿಗೇ ಕಲಿಸೋಣ ಅನ್ನುವ ಅರ್ಥ. ಪ್ರಾಸ ಮಾತ್ರ ಚೆನ್ನಾಗಿದೆ! ಈಗ ಮುಖದ ಮೇಲೆ ಯಾರೂ ಹಾಗೆ ಅನ್ನೋದಿಲ್ಲ. ಆದರೆ ಬಾಡಿಗೆ ಮನೆ ಹುಡುಕಿ ನೋಡಿ. ನಾನು ನಲವತ್ತು ಮೇಲ್ ಕಳಿಸಿದೆ, ಉತ್ತರ ಬಂದಿದ್ದು ನಾಲ್ಕು. ಅದರಲ್ಲಿ ಒಬ್ಬರು ನನ್ನ ಸಂಬಳ ಕೇಳಲಿಲ್ಲ, 'ಮನೆಯಲ್ಲಿ ಜಾಸ್ತಿ ಅಡುಗೆ ಮಾಡುತ್ತೀರಾ?' ಅಂತ ಕೇಳಿದರು. ಒಗ್ಗರಣೆ ವಾಸನೆಯ ವಿಷಯ ಅದು ಅಂತ ನನಗೆ ಹೊಳೆದಿದ್ದು ಬಸ್ ಹತ್ತಿದ ಮೇಲೆ.

ಕೊನೆಗೆ ಮನೆ ಕೊಟ್ಟವರು ಬಾಷ್‌ನಲ್ಲಿ ಕೆಲಸ ಮಾಡಿ ರಿಟೈರ್ ಆದ ಮುದುಕರು. ಬೆಂಗಳೂರು ಅಂದಿದ್ದೇ ತಡ, 'ಆಡುಗೋಡಿ!' ಅಂದರು. 1951ರಲ್ಲಿ ಶುರುವಾದ ಮೈಕೋ ಕಂಪನಿ ಬಾಷ್‌ನವರದ್ದೇ ಅಲ್ವಾ, ಎಂಬತ್ತರ ದಶಕದಲ್ಲಿ ಇವರು ಆಡುಗೋಡಿಯಲ್ಲಿದ್ದ ಅದರ ಫ್ಯಾಕ್ಟರಿಗೆ ಹೋಗಿ ಮೂರು ತಿಂಗಳು ಇದ್ದರಂತೆ. ಅಲ್ಲಿ ಈಗಲೂ ರಾತ್ರಿ ಹೊತ್ತು ಅಷ್ಟೇ ನಿಶ್ಶಬ್ದವಾ ಅಂತ ಕೇಳಿದರು. ನಾನು ಹೌದು ಅಂದುಬಿಟ್ಟೆ, ಮನೆ ಬೇಕಿತ್ತು.

ಇಲ್ಲಿಯ ಭಾರತೀಯರ ನಡುವೆ ನಾನು ಬರೀ 'ಸೌತ್'. ಅದನ್ನು ಬರೆಯಲು ಕೂತರೆ ಇನ್ನೊಂದು ಉತ್ತರವೇ ಆಗುತ್ತದೆ, ಬಿಡಿ.

ನಮ್ಮ ಬಗ್ಗೆ ಅಭಿಪ್ರಾಯ ಬದಲಾಗಿದ್ದು ಮಾತಿನಿಂದ ಅಲ್ಲ, ಪೊರಕೆಯಿಂದ. ಈ ಕಡೆ 'ಕೇರ್‌ವೊಖೆ' ಅಂತ ಒಂದು ಪದ್ಧತಿ ಇದೆ, ಗುಡಿಸುವ ವಾರ ಅಂತ. ಯಾರ ಸರದಿಯೋ ಅವರ ಬಾಗಿಲಿಗೆ ಒಂದು ಸಣ್ಣ ಬೋರ್ಡ್ ತೂಗುಹಾಕುತ್ತಾರೆ, ಆ ವಾರ ಮೆಟ್ಟಿಲು ಒರೆಸೋದು ಅವರ ಪಾಲು. ಇಂಡಿಯಾದಲ್ಲಿ ಎಲ್ಲರ ಮನೆಯಲ್ಲೂ ಕೆಲಸದವರು ಇರುತ್ತಾರೆ ಅಂತ ಕೆಳಗಿನ ಮನೆಯ ಹೆಂಗಸು ಎಲ್ಲೋ ಓದಿದ್ದರು. ನನ್ನ ಸರದಿ ಬಂದಾಗ ಬಾಗಿಲು ಅರ್ಧ ತೆರೆದು ನೋಡುತ್ತಾ ನಿಲ್ಲುತ್ತಿದ್ದರು. ಎರಡನೇ ವರ್ಷ ಅಮ್ಮ ಬಂದರು. ಅಮ್ಮನಿಗೆ ಸರದಿ ಗಿರದಿ ಏನೂ ಗೊತ್ತಿಲ್ಲ. ಬೆಳಿಗ್ಗೆ ಆರಕ್ಕೇ ಎದ್ದು ಮೂರು ಮಹಡಿಯ ಮೆಟ್ಟಿಲನ್ನೂ ಗುಡಿಸಿ, ಒರೆಸಿ, ನಮ್ಮ ಬಾಗಿಲ ಮುಂದೆ ಪುಟ್ಟದಾಗಿ ನಾಲ್ಕೆಳೆ ರಂಗೋಲಿ ಹಾಕಿದರು. ಇವತ್ತು ಜಗಳ ಗ್ಯಾರಂಟಿ ಅಂದುಕೊಂಡೆ. ಆ ಹೆಂಗಸು ಮೇಲೆ ಬಂದು ರಂಗೋಲಿಯನ್ನು ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಮೆಟ್ಟಿಲಿನ ಮೂಲೆಯಲ್ಲಿ ಬೆರಳು ಎಳೆದು ಧೂಳು ಇದೆಯಾ ಅಂತ ನೋಡಿದರು. ಇರಲಿಲ್ಲ.

ಅವತ್ತಿನಿಂದ ಪೋಸ್ಟ್‌ಮ್ಯಾನ್‌ಗೆ ಅವರು ನನ್ನನ್ನು ತೋರಿಸೋದು 'ನಮ್ಮ ಇಂಡರ್' ಅಂತ. ಅದಕ್ಕೆ ಖುಷಿ ಪಡಬೇಕೋ ಬೇಡವೋ ನನಗೆ ಇನ್ನೂ ತೀರ್ಮಾನ ಆಗಿಲ್ಲ. ಪಾರ್ಸೆಲ್ ಮಾತ್ರ ತೆಗೆದಿಟ್ಟುಕೊಂಡಿರುತ್ತಾರೆ.