ಸ್ಕೂಟಿ ಎಲ್‌ಎಲ್ (ಲರ್ನರ್ ಲೈಸೆನ್ಸ್) ಇಟ್ಕೊಂಡು ಗೇರ್ ಬೈಕ್ ಓಡಿಸ್ಬಹುದಾ?

ಗೇರ್ ಇಲ್ಲದ ಗಾಡಿಗೆ ಎಲ್‌ಎಲ್ ತಗೊಂಡು 12 ದಿನ ಆಗಿದೆ, ಈಗ ಅಣ್ಣನ ಸ್ಪ್ಲೆಂಡರ್ ಓಡಿಸ್ಬಹುದಾ, ಟೆಸ್ಟ್ ಯಾವಾಗ ಅಂತ ಕೇಳಿದೀರ. ಓಡಿಸೋ ಹಾಗಿಲ್ಲ ಗುರೂ. ಗೇರ್ ಬೈಕಿನ ಲೈಸೆನ್ಸ್ ಇದ್ರೆ ಸ್ಕೂಟಿನೂ ನಡೆಯುತ್ತೆ, ಉಲ್ಟಾ ನಡೆಯಲ್ಲ, ಅದಕ್ಕೇ ಮೊದಲೇ ಗೇರ್ ಗಾಡಿ ಕ್ಲಾಸಿಗೆ (ವರ್ಗಕ್ಕೆ) ಅರ್ಜಿ ಹಾಕ್ಬೇಕಿತ್ತು, ಪರ್ವಾಗಿಲ್ಲ, ಸರ್ಕಾರದ ಲೈಸೆನ್ಸ್ ಸೈಟ್ ಸಾರಥಿಯಲ್ಲಿ ಆ ಕ್ಲಾಸಿಗೂ ಎಲ್‌ಎಲ್ ಹಾಕಿ, 150 ಪ್ಲಸ್ ಎಲ್‌ಎಲ್ ಟೆಸ್ಟಿಗೆ 50 ರೂಪಾಯಿ ಅಷ್ಟೇ, ಇದಕ್ಕೆಲ್ಲ ಏಜೆಂಟ್ ಹತ್ರ ಹೋಗಿ ದುಡ್ಡು ಸುರೀಬೇಡಿ.

ಎಲ್‌ಎಲ್ ಬಂದು 30 ದಿನ ಆಗ್ದೆ ಡ್ರೈವಿಂಗ್ ಟೆಸ್ಟ್ ಕೊಡೋಕಾಗಲ್ಲ, 6 ತಿಂಗಳು ದಾಟಿದ್ರೆ ಎಲ್‌ಎಲ್ಲೇ ಹೋಯ್ತು, ಮತ್ತೆ ಮೊದಲಿಂದ. ಅಲ್ಲಿವರೆಗೂ ಮುಂದೆ ಹಿಂದೆ ಬಿಳಿ ಮೇಲೆ ಕೆಂಪು ಎಲ್ ಬೋರ್ಡ್ ಇರ್ಲಿ, ಹಿಂದೆ ಲೈಸೆನ್ಸ್ ಇರೋ ಕಲಿಸೋರು ಮಾತ್ರ ಕೂರ್ಬೇಕು, ಫ್ರೆಂಡ್‌ನ ಕಾಲೇಜಿಗೆ ಬಿಡೋ ಕೆಲ್ಸ ಬೇಡ.

ಇನ್ನು ಡ್ರೈವಿಂಗ್ ಟೆಸ್ಟಲ್ಲಿ 8 ಹಾಕೋದು, ಅಂದ್ರೆ 8ರ ಆಕಾರದಲ್ಲಿ ಗಾಡಿ ಓಡಿಸೋದು. ನಾನು ಮೊದಲನೇ ಸಲ ಎರಡನೇ ತಿರುವಲ್ಲಿ ಹ್ಯಾಂಡಲ್ ಪೂರ್ತಿ ಎಳ್ದು, ಬ್ಯಾಲೆನ್ಸ್ ತಪ್ಪಿ ಎಡಗಾಲು ಊರ್ಬಿಟ್ಟೆ, ಇನ್ಸ್‌ಪೆಕ್ಟರ್ ತಲೆ ಎತ್ತಿ ನೋಡಿದ್ದೂ ಇಲ್ಲ, ಸುಮ್ನೆ ಕೈ ಬೀಸಿ ಕಳ್ಸಿದ್ರು. 7 ದಿನ ಕಾದು ಮತ್ತೆ ಹೋದೆ. ಆ ವಾರ ಪೂರ್ತಿ ಖಾಲಿ ಮೈದಾನದಲ್ಲಿ ಎರಡು ಇಟ್ಟಿಗೆ ಇಟ್ಕೊಂಡು ಫಸ್ಟ್ ಗೇರಲ್ಲಿ, ಕ್ಲಚ್ ಅರ್ಧ ಹಿಡ್ದು, ಚಕ್ರ ನೋಡ್ದೆ ಮುಂದಿನ ತಿರುವು ನೋಡ್ಕೊಂಡು ಸುತ್ತಿದ್ದೆ, ಆಮೇಲೆ ಆರಾಮಾಗಿ ಆಯ್ತು.

ಹೆಲ್ಮೆಟ್ ಮರೀಬೇಡಿ, ಅಣ್ಣನ ಗಾಡಿ ಇನ್ಶೂರೆನ್ಸ್, ಎಮಿಷನ್ ಡೇಟ್ ಮುಗ್ದಿದ್ಯಾ ಅಂತ ಟೆಸ್ಟಿನ ಹಿಂದಿನ ದಿನವೇ ನೋಡ್ಕೊಳ್ಳಿ.