ಬಳಪ ಎಲ್ಲಿಂದ ಬಂತು, ಮೇಷ್ಟ್ರೇ?

ಆಲೂರು ತಾಲ್ಲೂಕಿನ ಹೈಸ್ಕೂಲ್ ಮೇಷ್ಟ್ರೊಬ್ಬರು ನಾಲ್ಕು ಪುಟದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಅಂದಿದ್ದಾರೆ, ಹಾಕುವುದಿಲ್ಲ. ಪತ್ರದ ಸಾರ ಇಷ್ಟು: "ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವೊಂದರಲ್ಲಿ ವಿಜ್ಞಾನ ಶಿಕ್ಷಕರಿಗೆಂದು ಮೂರು ದಿನ ಕಾರ್ಯಾಗಾರ ಇತ್ತು. ಓಓಡಿ (ಅನ್ಯ ಕರ್ತವ್ಯದ ಅನುಮತಿ) ಹಾಕಿಸಿಕೊಂಡು ಹೋದೆ. ಹುಲ್ಲು ತುಂಬಿದ ಹುಲಿ ನೋಡಿದೆವು, ಪಿಪಿಟಿ ನೋಡಿದೆವು, ಗ್ರೂಪ್ ಫೋಟೊ ತೆಗೆಸಿಕೊಂಡೆವು. ನಮ್ಮ ಶಾಲೆಯಲ್ಲಿ ಲ್ಯಾಬೇ ಇಲ್ಲ, ಗಾಜಿನ ಪೆಟ್ಟಿಗೆ ಎಲ್ಲಿಂದ ತರಲಿ? ಆ ಮೂರು ದಿನ ನನ್ನ ಮಕ್ಕಳಿಗೆ ವಿಜ್ಞಾನದ ಪಾಠವೂ ಆಗಲಿಲ್ಲ. ನೀವು ನೋಡಿದರೆ ಇಂಥವು ಇನ್ನೂ ಹೆಚ್ಚಬೇಕು ಅಂತ ಬರೆಯುತ್ತೀರಿ."

ಮೇಷ್ಟ್ರೇ, ಮೊದಲು ನಿಮ್ಮ ಮಾತಿನಲ್ಲಿ ಸರಿ ಇರುವುದನ್ನು ಒಪ್ಪಿಕೊಂಡುಬಿಡುತ್ತೇನೆ. ಇಬ್ಬರೇ ಶಿಕ್ಷಕರಿರುವ ಶಾಲೆಯಿಂದ ಒಬ್ಬರು ಓಓಡಿ ಮೇಲೆ ಹೊರಟರೆ ಉಳಿದವರು ಅಷ್ಟೂ ತರಗತಿ ಕಾಯಬೇಕು, ಅದಕ್ಕೆ ನನ್ನ ಹತ್ತಿರ ಉತ್ತರವಿಲ್ಲ. ಪಿಪಿಟಿ ವಿಷಯದಲ್ಲೂ ಅಷ್ಟೆ. ವರದಿ ಮಾಡಲು ಹೋಗಿ ಒಂದು ಕಡೆ ನಾನೂ ಸಿಕ್ಕಿಬಿದ್ದಿದ್ದೆ. 'ಮಕ್ಕಳು ಮಾಡಿ ಕಲಿಯಬೇಕು' ಅನ್ನುವುದರ ಮೇಲೆ ಸಂಪನ್ಮೂಲ ವ್ಯಕ್ತಿ ಊಟದ ಹೊತ್ತಿನವರೆಗೆ ಭಾಷಣ ಮಾಡಿದರು, ಮೂವತ್ತು ಜನ ಶಿಕ್ಷಕರು ಕೈಕಟ್ಟಿ ಕೂತು ಕೇಳಿದರು. ಮಧ್ಯಾಹ್ನ ಅರ್ಧ ಜನ ತೂಕಡಿಸುತ್ತಿದ್ದರು, ನಾನೂ ಸೇರಿ.

ಒಂದು ಸಣ್ಣ ತಿದ್ದುಪಡಿ. ಆ ಹುಲಿಯೊಳಗೆ ಹುಲ್ಲಿರುವುದಿಲ್ಲ. ಪ್ರಾಣಿಯ ಮೈಕಟ್ಟಿನ ಅಚ್ಚು ಮಾಡಿ ಅದರ ಮೇಲೆ ಹದ ಮಾಡಿದ ಚರ್ಮ ಹೊದಿಸುತ್ತಾರೆ. ಈ ವಿದ್ಯೆಯಲ್ಲಿ ಲೋಕಪ್ರಸಿದ್ಧವಾಗಿದ್ದ ವ್ಯಾನ್ ಇಂಗೆನ್ ಕಾರ್ಖಾನೆ ನಮ್ಮ ಮೈಸೂರಿನಲ್ಲೇ ಇತ್ತು. ಕಾಗದದ ರದ್ದಿಯ ಅಚ್ಚಿನ ಮೇಲೆ ಅವರು ಸಾವಿರಾರು ಹುಲಿ, ಚಿರತೆಗಳನ್ನು ಎಬ್ಬಿಸಿ ನಿಲ್ಲಿಸಿದರು. ಎಂಟನೇ ತರಗತಿಯವರಿಗೆ ಇಷ್ಟು ಹೇಳಿದರೂ ಒಂದು ಪೀರಿಯಡ್ಡು ಸಲೀಸಾಗಿ ಕಳೆಯುತ್ತದೆ.

ಇನ್ನು ನಾನು ಒಪ್ಪದ ಮಾತಿಗೆ ಬರುತ್ತೇನೆ. ಗಾಜಿನ ಪೆಟ್ಟಿಗೆ ಇಲ್ಲದಿದ್ದರೆ ಕಲಿತದ್ದು ದಂಡ ಅಂತೀರಿ. ಇನ್ನೊಂದು ಸಂಗ್ರಹಾಲಯದ ಕಾರ್ಯಾಗಾರದಲ್ಲಿ ನಾನು ಕಂಡದ್ದನ್ನು ಹೇಳುತ್ತೇನೆ, ಕೇಳಿ. ಅಲ್ಲಿ ಮೇಡಂ ಒಬ್ಬರು ಟ್ರೇ ತುಂಬ ಕಲ್ಲು ತಂದು ಬೆಂಚಿನ ಮೇಲಿಟ್ಟರು. ಹೆಸರು ಹೇಳಲಿಲ್ಲ. "ಗೀರಿ ನೋಡಿ" ಅಂದರು, ಅಷ್ಟೆ. ಮೊದಲು ಉಗುರು, ಆಮೇಲೆ ತಾಮ್ರದ ಕಾಸು, ಕಬ್ಬಿಣದ ಮೊಳೆ, ಕೊನೆಗೆ ಗಾಜಿನ ಚೂರು. ಬೂದುಬಣ್ಣದ, ಮುಟ್ಟಿದರೆ ಸೋಪಿನಂತೆ ನುಣುಪಾದ ಕಲ್ಲೊಂದನ್ನು ಚನ್ನರಾಯಪಟ್ಟಣದ ಕಡೆಯ ಹಿರಿಯ ಶಿಕ್ಷಕಿಯೊಬ್ಬರು ಉಗುರಿನಲ್ಲಿ ಗೀರಿದರು. ಬೆಳ್ಳನೆಯ ಗೀಟು ಬಿತ್ತು, ಪುಡಿ ಉಗುರಿನ ಸಂದಿಗೆ ಹೊಕ್ಕಿತು. ಅವರು ಅದನ್ನು ಮೂಸಿ ನೋಡಿ, "ಅಯ್ಯೋ, ಇದು ಬಳಪ ಅಲ್ವೇನ್ರೀ!" ಅಂದರು. ಇಡೀ ಬೆಂಚು ನಕ್ಕಿತು. ಚಿಕ್ಕಂದಿನಲ್ಲಿ ಬಳಪ ತಿಂದು ಪೆಟ್ಟು ತಿನ್ನದವರು ಆ ಕೋಣೆಯಲ್ಲಿ ಯಾರಿದ್ದರು? ಆದರೆ ಮೂವತ್ತು ವರ್ಷ ಪಾಠ ಮಾಡಿದ ಆ ತಾಯಿ, ಬಳಪ ಯಾವ ಕಲ್ಲು, ಎಲ್ಲಿಂದ ಬರುತ್ತದೆ ಅಂತ ಒಂದು ದಿನವೂ ಕೇಳಿಕೊಂಡಿರಲಿಲ್ಲವಂತೆ. ಹಾಗಂತ ಅವರೇ ಹೇಳಿದರು.

ಕಾಠಿಣ್ಯಕ್ಕೆ ಒಂದರಿಂದ ಹತ್ತರವರೆಗೆ ಅಳತೆ ಕೊಟ್ಟವನು ಫ್ರೆಡ್ರಿಕ್ ಮೋಸ್, 1812ರಲ್ಲಿ. (ಹೆಸರು ಮೋಸ್, ಕೆಲಸದಲ್ಲಿ ಮೋಸವಿಲ್ಲ.) ಬಳಪದಲ್ಲಿರುವ ಟಾಲ್ಕ್ ಖನಿಜ ಅದರಲ್ಲಿ ಒಂದನೇ ಮೆಟ್ಟಿಲು, ವಜ್ರ ಹತ್ತನೆಯದು. ನಮ್ಮ ಉಗುರು ಸುಮಾರು ಎರಡೂವರೆ, ಗಾಜು ಐದೂವರೆ. ಬೆಣಚುಕಲ್ಲು ಏಳು, ಆದ್ದರಿಂದ ಅದು ಗಾಜನ್ನು ಗೀರುತ್ತದೆ. ಮೇಡಂ ಇದನ್ನೆಲ್ಲ ಹೇಳಿದ್ದು ಗೀರಿ ಮುಗಿದ ಮೇಲೆ. ಮೊದಲೇ ಹೇಳಿದ್ದರೆ ಎಲ್ಲರೂ ನೋಟ್ಸ್ ಬರೆದುಕೊಂಡು ಸುಮ್ಮನಾಗುತ್ತಿದ್ದರು.

ಆಮೇಲೆ ಮಾತು ಬೇಲೂರಿಗೆ ಹೋಯಿತು, ಹೋಗದೆ ಇರುತ್ತದೆಯೇ? 1117ರಲ್ಲಿ ವಿಷ್ಣುವರ್ಧನ ಕಟ್ಟಿಸಿದ ಗುಡಿಯಲ್ಲಿ ಶಿಲಾಬಾಲಿಕೆಯರ ಬಳೆ, ಸರ ಅಷ್ಟು ನಯವಾಗಿ ಬಂದಿರುವುದಕ್ಕೆ ಶಿಲ್ಪಿಯ ಕೈ ಎಷ್ಟು ಕಾರಣವೋ ಕಲ್ಲಿನ ಮೆದುತನವೂ ಅಷ್ಟೇ ಕಾರಣ. ಅದೂ ಬಳಪದ ಕಲ್ಲಿನ ಬಳಗದ್ದೇ. ಮಕ್ಕಳನ್ನು ಕರೆದೊಯ್ದು ತೋರಿಸಿ, ಆದರೆ ಅಲ್ಲಿ ಮಾತ್ರ ಉಗುರೂ ತಾಗಿಸಕೂಡದು. ಅದು ಸಂರಕ್ಷಿತ ಸ್ಮಾರಕ, 2023ರಿಂದ ವಿಶ್ವ ಪರಂಪರೆಯ ಪಟ್ಟಿಯಲ್ಲೂ ಇದೆ. ಗೀರುವ ಆಸೆಗೆ ನಿಮ್ಮ ಶಾಲೆ ಕಾಮಗಾರಿಗೆ ಸುರಿದ ಜಲ್ಲಿ ರಾಶಿ, ಬಾವಿ ತೋಡಿದ ಮಣ್ಣಿನ ಗುಡ್ಡೆ, ಹೇಮಾವತಿಯ ದಡ ಸಾಕು. ಬೆಣಚು ಸಿಗುತ್ತದೆ, ಹೊಳೆಯುವ ಕಾಗೆಬಂಗಾರ ಸಿಗುತ್ತದೆ. ನಿಮಗೆ ಹತ್ತಿರದ ಗೊರೂರಿನ ಕಡೆಯ ಕಪ್ಪು ಬಿಳುಪು ಪಟ್ಟೆಯ ನೈಸ್ ಶಿಲೆಗೆ ಭೂವಿಜ್ಞಾನಿಗಳು ಕಟ್ಟಿರುವ ವಯಸ್ಸು ಸುಮಾರು 330 ಕೋಟಿ ವರ್ಷ. ಭೂಮಿಯ ವಯಸ್ಸೇ 454 ಕೋಟಿ. ಪಠ್ಯಪುಸ್ತಕದಲ್ಲಿ 'ರೂಪಾಂತರ ಶಿಲೆ' ಅಂತ ಒಂದು ಸಾಲಿನಲ್ಲಿ ಮುಗಿದುಹೋಗುವುದು ಇದೇ.

ಕಾರ್ಯಾಗಾರ ಹೆಚ್ಚಬೇಕು ಅಂತ ಬರೆದಾಗ ನನ್ನ ತಲೆಯಲ್ಲಿದ್ದದ್ದು ಆ ಟ್ರೇ, ಹುಲಿಯಲ್ಲ. ಅದನ್ನು ಬಿಡಿಸಿ ಬರೆಯದೆ ಇದ್ದದ್ದು ನನ್ನ ತಪ್ಪು. ಇನ್ನೊಂದು ಕೊರತೆಯನ್ನೂ ಹೇಳಬೇಕು. ಕಾರ್ಯಾಗಾರ ಮುಗಿದು ಆರು ತಿಂಗಳಾದ ಮೇಲೆ, "ಆ ಪಾಠ ಏನಾಯಿತು?" ಅಂತ ಶಿಕ್ಷಕರಿಗೆ ಫೋನ್ ಮಾಡಿ ಕೇಳಿದವರನ್ನು ನಾನು ಕಂಡಿಲ್ಲ. ಟಿಎ-ಡಿಎ ಬಿಲ್ಲಿಗೆ ಸಹಿ ಬಿದ್ದರೆ ಅಲ್ಲಿಗೆ ಎಲ್ಲ ಮುಗಿಯಿತು. ಶಿಕ್ಷಕರನ್ನು ಸಂಗ್ರಹಾಲಯಕ್ಕೆ ಕರೆಸುವ ಬದಲು ಸಂಗ್ರಹಾಲಯವೇ ಒಂದು ಟ್ರಂಕಿನಲ್ಲಿ ಕಲ್ಲು, ಬೀಜ, ಮೂಳೆ ತುಂಬಿ ಆಲೂರಿಗೋ ಸಕಲೇಶಪುರಕ್ಕೋ ಕಳಿಸಿ, ಅಕ್ಕಪಕ್ಕದ ಶಾಲೆಗಳು ಸೇರುವ ಕ್ಲಸ್ಟರಿನ ಸಮಾಲೋಚನಾ ಸಭೆಯಲ್ಲಿ ಬಿಚ್ಚಿದರೆ ನಿಮ್ಮ ಮೂರು ದಿನವೂ ಉಳಿಯುತ್ತದೆ.

ಮೈಸೂರಿನ ಕಾರಂಜಿ ಕೆರೆ ದಡದಲ್ಲಿ 1995ರಿಂದ ಪ್ರಾದೇಶಿಕ ಪ್ರಾಕೃತಿಕ ಇತಿಹಾಸ ಸಂಗ್ರಹಾಲಯವಿದೆ. ಹಾಸನದಿಂದ ಬಸ್ಸಿಗೆ ಸುಮಾರು ಮೂರು ಗಂಟೆ. ಓಓಡಿ ಗೊಡವೆ ಇಲ್ಲದೆ, ದಸರಾ ರಜೆಯಲ್ಲಿ ಮನೆಯವರ ಜೊತೆ ಒಮ್ಮೆ ಹೋಗಿ ಬನ್ನಿ.

ಅಲ್ಲಿಯವರೆಗೆ ಒಂದು ಕೆಲಸ. ನಿಮ್ಮ ಸ್ಟಾಫ್ ರೂಮಿನ ಡಬ್ಬಿಯಿಂದ ಒಂದು ತುಂಡು ಸೀಮೆಸುಣ್ಣ ತೆಗೆದು, ಪುಡಿ ಮಾಡಿ, ಅದರ ಮೇಲೆ ನಿಂಬೆರಸ ಹಿಂಡಿ. ಬುರುಬುರು ನೊರೆ ಎದ್ದರೆ ಅದು ಸುಣ್ಣದ ಕಲ್ಲಿನ ಜಾತಿ, ಕ್ಯಾಲ್ಸಿಯಂ ಕಾರ್ಬೊನೇಟ್. ಏಳದಿದ್ದರೆ ಜಿಪ್ಸಂ ಇರಬೇಕು, ಹೆಸರಲ್ಲಷ್ಟೇ ಸುಣ್ಣ. ನಮ್ಮ ಕಚೇರಿಯ ಡಬ್ಬಿಯಲ್ಲಿದ್ದದ್ದು ಏಳಲಿಲ್ಲ. ನಿಮ್ಮದು ಎದ್ದಿತೋ ಇಲ್ಲವೋ ಒಂದು ಕಾರ್ಡು ಹಾಕಿ.

— ಸಂ.