ಈಗ ಇರುವ ಫೋಲ್ಡರನ್ನೇ ಟರ್ಮಿನಲ್‌ನಿಂದ ಅಳಿಸುವುದು ಹೇಗೆ?

ಲಿನಕ್ಸ್‌ನಲ್ಲಿ ‘ಆರ್‌ಎಂ -ಆರ್ .’ ಕೊಟ್ಟರೆ ಒಪ್ಪುತ್ತಿಲ್ಲ, ನಾನಿರುವ ಫೋಲ್ಡರನ್ನೇ ಅಳಿಸೋದು ಹೇಗೆ ಅಂತ ಕೇಳಿದ್ದೀರಿ. (ಕಮಾಂಡ್‌ಗಳನ್ನು ಕನ್ನಡದಲ್ಲೇ ಬರೆದಿದ್ದೇನೆ, ಟೈಪ್ ಮಾಡುವಾಗ ಇಂಗ್ಲಿಷ್ ಅಕ್ಷರ ಹಾಕಿಕೊಳ್ಳಿ. ಡಾಲರ್ ಗುರುತಿನ ಮುಂದಿನದು ದೊಡ್ಡಕ್ಷರ.) ಆರ್‌ಎಂ ಅಂದರೆ ಅಳಿಸುವ ಕಮಾಂಡ್, -ಆರ್ ಅಂದರೆ ಒಳಗಿರುವುದನ್ನೂ ಸೇರಿಸಿ, ಒಂಟಿ ಚುಕ್ಕಿ ಅಂದರೆ ಈಗಿರುವ ಫೋಲ್ಡರ್, ಜೋಡಿ ಚುಕ್ಕಿ ಅದರ ಮೇಲಿನದು.

ಜೊತೆಗೆ -ಎಫ್ (ಕೇಳದೆ ಅಳಿಸು) ಹಾಕಿದರೂ ಅದು ಒಪ್ಪಲ್ಲ. ಒಂಟಿ ಚುಕ್ಕಿ, ಜೋಡಿ ಚುಕ್ಕಿ ಎರಡನ್ನೂ ಆರ್‌ಎಂ ಅಳಿಸಬಾರದು ಅಂತ ಪೋಸಿಕ್ಸ್ (ಯೂನಿಕ್ಸ್ ಥರದ ಸಿಸ್ಟಂಗಳ ಮಾನದಂಡ) ನಿಯಮವೇ ಇದೆ. ಫೋಲ್ಡರ್ ಅಳಿಸುವುದು ಅಂದರೆ ಮೇಲಿನ ಫೋಲ್ಡರಿನಿಂದ ಅದರ ಹೆಸರು ತೆಗೆಯುವುದು. ಚುಕ್ಕಿ ಆ ಹೆಸರಲ್ಲ ಅಲ್ವಾ?

‘ಆರ್‌ಎಂ -ಆರ್ "$ಪಿಡಬ್ಲ್ಯುಡಿ"’ ಅಂದರೆ ಅಳಿಸುತ್ತದೆ, ಯಾಕಂದರೆ ಆ ಡಾಲರ್ ಹೆಸರಿನಲ್ಲಿ ಈಗಿರುವ ಫೋಲ್ಡರಿನ ಪೂರ್ತಿ ದಾರಿ ಇರುತ್ತದೆ. ಆದರೆ ನಿಮ್ಮ ಶೆಲ್ (ಟರ್ಮಿನಲ್ ಒಳಗೆ ಕಮಾಂಡ್ ಓಡಿಸುವ ಪ್ರೋಗ್ರಾಂ) ಈಗ ಇಲ್ಲದ ಫೋಲ್ಡರಿನಲ್ಲೇ ಉಳಿಯುತ್ತದೆ. ಎಲ್ಲಿದ್ದೀಯ ಅಂತ ಕೇಳಿದರೆ ಹಳೇ ದಾರಿಯನ್ನೇ ಹೇಳುತ್ತದೆ, ಹೊಸ ಫೈಲ್ ಮಾಡಲು ಮಾತ್ರ ಬಿಡಲ್ಲ. ಸಿಡಿ (ಫೋಲ್ಡರ್ ಬದಲಿಸುವ ಕಮಾಂಡ್) ಕೊಟ್ಟು ಬೇರೆ ಕಡೆ ಹೋದರೆ ಸರಿಯಾಗುತ್ತದೆ.

ಇದಕ್ಕಿಂತ ಚೆನ್ನಾಗಿರುವುದು: ‘ಸಿಡಿ .. && ಆರ್‌ಎಂ -ಆರ್ "$ಓಲ್ಡ್‌ಪಿಡಬ್ಲ್ಯುಡಿ"’. ಇಲ್ಲಿ ಡಾಲರ್ ಹೆಸರು ಅಂದರೆ ಸಿಡಿಗೆ ಮುಂಚೆ ಇದ್ದ ಫೋಲ್ಡರ್, && ಅಂದರೆ ಮೊದಲನೆಯದು ಆದರೆ ಮಾತ್ರ ಎರಡನೆಯದು. && ಬದಲು ಸೆಮಿಕೋಲನ್ ಹಾಕಬೇಡಿ. ಹಾಕಿದರೆ ಸಿಡಿ ಆಗದೇ ಹೋದರೂ ಆರ್‌ಎಂ ಓಡುತ್ತದೆ, ಆಗ ನೀವು ಮೊದಲು ಇದ್ದ ಇನ್ಯಾವುದೋ ಫೋಲ್ಡರಿಗೆ ಗ್ರಹಚಾರ.

ಇದರ ನಿಜವಾದ ಅಪಾಯ ಬೇರೆಯೇ. ಈ ಸಾಲು ಹಿಸ್ಟರಿಯಲ್ಲಿ (ಕೊಟ್ಟ ಕಮಾಂಡ್‌ಗಳ ಪಟ್ಟಿಯಲ್ಲಿ) ಉಳಿಯುತ್ತದೆ. ಆಮೇಲೆ ಸುಮ್ನೆ ಮೇಲಿನ ಬಾಣದ ಕೀ ಒತ್ತಿ ಎಂಟರ್ ಹೊಡೆದರೆ ಇನ್ನೊಂದು ಮೆಟ್ಟಿಲು ಮೇಲೆ ಹೋಗಿ, ಈಗ ತಾನೇ ಬಂದು ನಿಂತ ಫೋಲ್ಡರನ್ನೂ ಅಳಿಸುತ್ತದೆ. ಮತ್ತೊಮ್ಮೆ ಒತ್ತಿದರೆ ಅದರ ಮೇಲಿನದು. ಅದಕ್ಕೇ ಇದನ್ನು ಏಲಿಯಾಸ್ (ಚಿಕ್ಕ ಅಡ್ಡಹೆಸರು) ಮಾಡಿಟ್ಟುಕೊಳ್ಳುವುದು ನನಗೆ ಇಷ್ಟವಿಲ್ಲ. ಉಬುಂಟುವಿನ ಬ್ಯಾಶ್ ಶೆಲ್‌ನಲ್ಲಿ ಸಾಲಿನ ಶುರುವಿಗೆ ಒಂದು ಸ್ಪೇಸ್ ಬಿಟ್ಟರೆ ಅದು ಹಿಸ್ಟರಿಗೆ ಹೋಗಲ್ಲ.

ನಾನಾದರೆ ‘ಸಿಡಿ ..’ ಮಾಡಿ, ಹೆಸರಿನ ಮೊದಲೆರಡು ಅಕ್ಷರ ಹೊಡೆದು ಟ್ಯಾಬ್ ಒತ್ತಿ, ಪೂರ್ತಿ ಹೆಸರನ್ನು ಕಣ್ಣಲ್ಲಿ ನೋಡಿ ಆರ್‌ಎಂ ಕೊಡುತ್ತೇನೆ. ಈ ಸಾಲು ಮತ್ತೆ ಓಡಿದರೂ ಆ ಹೆಸರಿನ ಫೋಲ್ಡರ್ ಅಲ್ಲಿಲ್ಲ ಅನ್ನುತ್ತದೆ, ಅಷ್ಟೇ. ಫೋಲ್ಡರ್ ಖಾಲಿ ಇದ್ದರೆ ಆರ್‌ಎಂ ಬೇಡವೇ ಬೇಡ, ಆರ್‌ಎಂಡಿಐಆರ್ ಸಾಕು. ಒಳಗೆ ಏನಾದರೂ ಇದ್ದರೆ ಅದು ಮುಟ್ಟುವುದೇ ಇಲ್ಲ.

ಇನ್ನೊಂದು, ಸಿಮ್‌ಲಿಂಕ್ (ಬೇರೆ ಫೋಲ್ಡರಿಗೆ ದಾರಿ ತೋರಿಸುವ ಶಾರ್ಟ್‌ಕಟ್) ಮೂಲಕ ಒಳಗೆ ಬಂದಿದ್ದರೆ ಮೇಲೆ ಹೇಳಿದ ಡಾಲರ್ ಗುರುತಿನ ಸಾಲು ಲಿಂಕನ್ನು ಮಾತ್ರ ಅಳಿಸುತ್ತದೆ, ಅಸಲಿ ಫೋಲ್ಡರ್ ಹಾಗೇ ಇರುತ್ತದೆ. ‘ಪಿಡಬ್ಲ್ಯುಡಿ -ಪಿ’ ಕೊಟ್ಟು ಅಸಲಿ ದಾರಿ ಯಾವುದು ಅಂತ ಮೊದಲೇ ನೋಡಿಕೊಳ್ಳಿ, ಇಲ್ಲಿ ಪಿ ದೊಡ್ಡಕ್ಷರ.